ಅರವತ್ತು ಮೀಟರ್ ಹಗ್ಗ

ಟಾರ್ಪಾಲಿನ ಆ ಗೂಡನ್ನು ಕಂಡದ್ದೇ ವಿನೋದಾಳ ಮೈ ಉರಿದುಹೋಯಿತು. ಮೂವತ್ತಾರು ಅಡಿಯ ಮರದ ಬೋಟು. ಅದರ ಹಿಂಬದಿಯಲ್ಲಿ ನಾಲ್ಕು ಬಿದಿರು ನಿಲ್ಲಿಸಿ, ಹೊಚ್ಚಹೊಸ ನೀಲಿ ನೈಲಾನ್ ಹಗ್ಗದಿಂದ ಮದುವೆ ಚಪ್ಪರದಂತೆ ಅಡ್ಡಡ್ಡ ಉದ್ದುದ್ದ ಬಿಗಿದು, ಒಳಗೊಂದು ಬಕೆಟ್ಟು ಇಟ್ಟು, ಹೊರಗೆ ಬಿಳಿ ಬಣ್ಣದಲ್ಲಿ ‘ಲೇಡೀಸ್’ ಎಂದು ದೊಡ್ಡದಾಗಿ ಬರೆದಿದ್ದರು. ವಿಳಿಂಜಂ ಜೆಟ್ಟಿಯಲ್ಲಿ ಮೀನು ಆರಿಸುತ್ತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟು ಒಮ್ಮೆ ಆ ಅಕ್ಷರಗಳನ್ನೂ ಒಮ್ಮೆ ಇವಳನ್ನೂ ನೋಡುತ್ತಿದ್ದರು.

“ಎಲ್ಲಾ ನಿಮಗೋಸ್ಕರಾನೇ ಕಣಮ್ಮಾ,” ಎಂದರು ನಿತ್ಯಾನಂದರಾಯರು, ಬೆಳಗಿನ ಏಳು ಗಂಟೆಯ ಬಿಸಿಲಿಗೂ ಕೊಡೆ ಬಿಚ್ಚಿಕೊಂಡು. “ಹದಿನೈದೇ ದಿನದಲ್ಲಿ ಸ್ಯಾಂಕ್ಷನ್ ಮಾಡಿಸಿದೀನಿ. ಇದು ನಮ್ಮ ಆಫೀಸಲ್ಲಿ ರೆಕಾರ್ಡು. ನಾಲ್ಕು ಗಂಟೆಗೆ ವಾಪಸ್ ಬಂದುಬಿಡಬೇಕು, ಆಯ್ತಾ? ನಾನು ಜೀಪ್ ತಗೊಂಡು ಬಂದಿರ್ತೀನಿ.”

“ಆಯ್ತು ಸರ್,” ಎಂದಳು ವಿನೋದಾ. ಇನ್ನೇನು ಹೇಳುವುದು? ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ, ಕಡಲಿನ ಜೀವಿಗಳ ಸಂಶೋಧನೆಗೆಂದು ಸರ್ಕಾರ ತೆರೆದ ಪುಟ್ಟ ಕಚೇರಿಯೊಂದರಲ್ಲಿ ಅವಳು ಐದು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಐದು ವರ್ಷವೂ ಬೋಟಿಗೆ ಹೋಗುತ್ತೇನೆಂದು ಅರ್ಜಿ ಕೊಟ್ಟಿದ್ದಳು. ಐದು ವರ್ಷವೂ ಕಚೇರಿಯ ಮುಖ್ಯಸ್ಥರಾದ, ಮೈಸೂರಿನ ಈ ರಾಯರು, ತಂದೆಯಂಥ ಮುಖ ಮಾಡಿಕೊಂಡು, “ಬೋಟಲ್ಲಿ ಬಾತ್‌ರೂಮ್ ಇಲ್ಲ ಕಣಮ್ಮಾ” ಎಂದು ಅರ್ಜಿಯನ್ನು ಮಡಚಿ ಡ್ರಾಯರಿಗೆ ಹಾಕಿದ್ದರು. ಬೋಟಿಗೆ ಹೋಗಲಾಗದವಳು ಹೇಗೂ ಖಾಲಿ ಕೂತಿರುತ್ತಾಳೆಂದು ಸ್ಟೋರ್ಸಿನ ಕಾಗದಪತ್ರ ನೋಡುವ ಕೆಲಸವನ್ನೂ ಅವಳ ತಲೆಗೇ ಕಟ್ಟಿದ್ದರು.

ಬೋಟಿನ ಕೆಲಸ ಹೀಗಿತ್ತು. ಮಳೆಗಾಲ ಬಿಟ್ಟು ಪ್ರತಿ ತಿಂಗಳೂ ಅದು ಕೊಚ್ಚಿಯಿಂದ ಹೊರಟು, ದಂಡೆಯನ್ನು ಹಿಡಿದುಕೊಂಡೇ ಐದು ದಿನ ದಕ್ಷಿಣಕ್ಕೆ ಸಾಗಿ ತಿರುವನಂತಪುರದ ಹತ್ತಿರದ ಈ ವಿಳಿಂಜಂ ತಲುಪುತ್ತಿತ್ತು. ಆರನೆಯ ದಿನ, ಅಂದರೆ ಕೊನೆಯ ದಿನ, ದಂಡೆ ಬಿಟ್ಟು ನೇರ ಪಶ್ಚಿಮಕ್ಕೆ ಹೋಗಿ ಆರು ತಾಣಗಳಲ್ಲಿ ನಿಲ್ಲುತ್ತಿತ್ತು. ಪ್ರತಿ ತಾಣದಲ್ಲೂ ಸಣ್ಣ ಕಣ್ಣಿನ ರೇಷ್ಮೆ ಬಲೆಯನ್ನು ಕಡಲ ತಳದವರೆಗೆ ಇಳಿಸಿ ಮೇಲೆಳೆಯುವುದು, ಬಲೆಗೆ ಸಿಕ್ಕಿದ್ದನ್ನು ಕೆಡದಂತೆ ಫಾರ್ಮಲಿನ್ ಹಾಕಿ ಬಾಟಲಿಯಲ್ಲಿ ತುಂಬುವುದು. ಆ ಬಾಟಲಿಗಳು ವಿನೋದಾಳ ಮೇಜಿಗೆ ಬರುತ್ತಿದ್ದವು. ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಎಣಿಸುತ್ತಿದ್ದಳು.

ಹಾಗೆ ಎಣಿಸಿ ಎಣಿಸಿಯೇ ಅವಳೊಂದು ಸಂಗತಿ ಕಂಡುಹಿಡಿದಿದ್ದಳು. ಆರನೇ ತಾಣದಲ್ಲಿ, ಅರವತ್ತು ಮೀಟರ್ ಆಳದಲ್ಲಿ, ದಂಡೆಯ ಏಡಿಗಳ ಮರಿಗಳು ರಾಶಿರಾಶಿ. ಸಾಸಿವೆಗಿಂತ ಸಣ್ಣವು, ತಲೆಯ ಮೇಲೊಂದು ಮುಳ್ಳು. ಅಷ್ಟು ಆಳದ ನೀರಿನಲ್ಲಿ ಅವು ಇರುತ್ತವೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಒಟ್ಟು ನಲವತ್ತೊಂದು ಬಾಟಲಿ. ಮೊದಲಿನ ಮೂರರಲ್ಲಿ ಮಾತ್ರ ತಿಳಿನೀರು, ಒಂದೆರಡು ಹುಳು ಬಿಟ್ಟರೆ ಏನೂ ಇರಲಿಲ್ಲ. ಬೋಟಿನವರು ಫಾರ್ಮಲಿನ್ ಹಾಕದೆ ಹಾಳುಮಾಡಿದ್ದಾರೆಂದು ಬೈದು ಅವನ್ನು ಲೆಕ್ಕದಿಂದ ಬಿಟ್ಟಿದ್ದಳು. ಉಳಿದ ಮೂವತ್ತೆಂಟರ ಮೇಲೆ ಪ್ರಬಂಧ ಬರೆದಾಗಿತ್ತು. ರಾಯರ ಹೆಸರು ಮೊದಲು, ಅವಳದು ಆಮೇಲೆ. ಹೆಸರು ಎಲ್ಲಿದ್ದರೇನು, ಹೆತ್ತವಳು ತಾನಲ್ಲವೇ ಎಂದು ಸುಮ್ಮನಿದ್ದಳು. ಬರುವ ತಿಂಗಳು ಎರ್ನಾಕುಳಂನಲ್ಲಿ ದೇಶದ ದೊಡ್ಡದೊಡ್ಡವರ ಮುಂದೆ ಅದನ್ನು ಓದುವುದಿತ್ತು. ಅಷ್ಟರಲ್ಲಿ ಪ್ರಬಂಧ ನೋಡಿದ ಹಿರಿಯರೊಬ್ಬರು ಒಂದೇ ಸಾಲಿನ ಪತ್ರ ಬರೆದಿದ್ದರು: ಆ ತಾಣವನ್ನು ಲೇಖಕರಲ್ಲಿ ಯಾರಾದರೂ ಕಣ್ಣಾರೆ ನೋಡಿದ್ದೀರಾ? ಸಮುದ್ರವೆಂದರೆ ತಲೆ ಸುತ್ತುವ ರಾಯರಿಗೆ ಆಗ ಟಾರ್ಪಾಲಿನ ಯೋಚನೆ ಹೊಳೆಯಿತು. ಎಪ್ಪತ್ತನಾಲ್ಕರ ಫೆಬ್ರವರಿಯ ಆ ಯಾನದ ಕೊನೆಯ ದಿನ, ಒಂದೇ ಒಂದು ದಿನ, ವಿನೋದಾಳಿಗೆ ಸಿಕ್ಕಿತು.

ಹಿಂದಿನ ಸಂಜೆಯಿಂದ ಅವಳು ಒಂದು ತೊಟ್ಟು ನೀರು ಕುಡಿದಿರಲಿಲ್ಲ. ಏನೇ ಆಗಲಿ, ಆ ಗೂಡಿನೊಳಗೆ ಕಾಲಿಡುವುದಿಲ್ಲವೆಂದು ಶಪಥ ಮಾಡಿದ್ದಳು.

ಬೋಟು ಹೊರಟಿತು. ಬೋಟಿನ ಯಜಮಾನ ಸ್ರಾಂಗ್ ಪತ್ರೋಸ್, ಅರವತ್ತರ ಹತ್ತಿರದ ಮನುಷ್ಯ, ಚುಕ್ಕಾಣಿ ಹಿಡಿದಿದ್ದ. ಎಂಜಿನ್ನಿನ ಹತ್ತಿರ ಒಬ್ಬ ಡ್ರೈವರ್. ಬಾಟಲಿ, ಚೀಟಿ, ಬಲೆಯ ಉಸ್ತುವಾರಿ ಮಂಜೇಶ್ವರದ ಸುಬ್ರಾಯನದು. ವಿನೋದಾಳ ಊರು ಕಾಸರಗೋಡು. ಅವನ ಊರಿನಿಂದ ಒಂದು ಗಂಟೆಯ ಬಸ್ಸು. ಐದು ವರ್ಷದಿಂದ ಪ್ರತಿ ಚೀಟಿಯ ಮೇಲೂ ಕಾಣುತ್ತಿದ್ದ ಉರುಟು ಅಕ್ಷರ ಅವನದೇ.

ಮೊದಲ ತಾಣದಲ್ಲಿ ಅವಳು ಬಲೆಗೆ ಕೈ ಹಾಕಿದಳು. ಸುಬ್ರಾಯ ಓಡಿ ಬಂದ. “ನೀವು ಕೂತ್ಕೊಳ್ಳಿ ಮೇಡಂ. ಕುರ್ಚಿ ಉಂಟು.” ನಿಜ, ಕುರ್ಚಿ ಇತ್ತು, ಜಾರದಂತೆ ಮಧ್ಯದ ಕಂಬಕ್ಕೆ ಅದನ್ನೂ ಕಟ್ಟಿದ್ದರು. ಎರಡನೇ ತಾಣದಲ್ಲಿ ಹಗ್ಗ ಸುತ್ತುವ ರಾಟೆಯ ಹಿಡಿಕೆ ಹಿಡಿದಳು. “ಬೇಡ ಮೇಡಂ, ಕೈ ಬೊಬ್ಬೆ ಏಳ್ತದೆ. ರಾಯರು ನಮ್ಮನ್ನು ಬಿಡ್ಲಿಕ್ಕಿಲ್ಲ.” ಮೂರನೆಯದರಲ್ಲಿ ಪತ್ರೋಸ್ ಎಳನೀರು ಕೆತ್ತಿ ತಂದು ಹಿಡಿದ. ಬೇಡವೆಂದಳು. ಅವನು ನೊಂದುಕೊಂಡ. ನಾಲ್ಕನೆಯದರಲ್ಲಿ ಡ್ರೈವರ್ ತನ್ನ ಹೆಗಲ ಮೇಲಿನ ತೋರ್ತು ಬಟ್ಟೆಯನ್ನು ಒದ್ದೆಮಾಡಿ, ತಲೆಗೆ ಹಾಕಿಕೊಳ್ಳಿ, ಬಿಸಿಲು ಎಂದ. ಹೆಣ್ಣೊಬ್ಬಳು ಬಂದಳೆಂದು ಮೂರು ಗಂಡಸರು ಮೊಟ್ಟೆ ಹೊತ್ತವರ ಹಾಗೆ ನಡೆದಾಡುತ್ತಿದ್ದರು. ಐದು ವರ್ಷ ಮೇಜಿನ ಮುಂದೆ ಕೂತದ್ದು ಸಾಲದೆಂದು ಈಗ ಕಡಲ ಮಧ್ಯದಲ್ಲೂ ಕುರ್ಚಿಯ ಮೇಲೆ ಕೂತಿದ್ದೇನಲ್ಲಾ ಎಂದು ವಿನೋದಾಳಿಗೆ ಅಳು ಬರುವಷ್ಟು ಸಿಟ್ಟು ಬಂತು.

ಐದನೇ ತಾಣ ಮುಗಿದು ಕಾಲು ಗಂಟೆಯೂ ಆಗಿರಲಿಲ್ಲ. ಎಂಜಿನ್ ನಿಂತಿತು.

“ಆರನೇದು ಮೇಡಂ,” ಎಂದ ಸುಬ್ರಾಯ, ಬಲೆಯ ಗಂಟು ಬಿಚ್ಚುತ್ತ, ಅವಳ ಮುಖ ನೋಡದೆ.

ಅವಳು ಎದ್ದು ನಿಂತು ದಂಡೆಯತ್ತ ನೋಡಿದಳು. ಇಗರ್ಜಿಯ ಬಿಳಿ ಗೋಪುರ ಇನ್ನೂ ಸ್ಪಷ್ಟವಾಗಿ, ಶಿಲುಬೆ ಸಮೇತ ಕಾಣುತ್ತಿತ್ತು. ನೀರು ಹಸಿರಾಗಿತ್ತು. ನಕಾಶೆಯನ್ನು ಎಷ್ಟು ಸಲ ನೋಡಿದ್ದಳೆಂದರೆ ಕಣ್ಣು ಮುಚ್ಚಿದರೂ ಅದೇ ಕಾಣುತ್ತಿತ್ತು. ಆರನೇ ತಾಣಕ್ಕೆ ಇನ್ನೂ ಒಂದು ಗಂಟೆಯ ದಾರಿಯಿರಬೇಕು. ಅವಳು ಪೆಟ್ಟಿಗೆಯಿಂದ ಆಳ ಅಳೆಯುವ ದಾರವನ್ನು ತೆಗೆದಳು. ತುದಿಗೆ ಸೀಸದ ಗುಂಡು, ಐದೈದು ಮೀಟರಿಗೊಂದು ಕೆಂಪು ಬಟ್ಟೆ. ಅದನ್ನು ಯಾರೂ ಮುಟ್ಟಿ ವರ್ಷಗಳಾಗಿದ್ದವು, ಸುರುಳಿ ಸುರುಳಿಯಾಗಿ ಅಂಟಿಕೊಂಡಿತ್ತು. ನೀರಿಗೆ ಬಿಟ್ಟಳು. ಹತ್ತು, ಹದಿನೈದು, ಇಪ್ಪತ್ತು. ಆರನೇ ಬಟ್ಟೆ ನೀರೊಳಗೆ ಹೋಗುತ್ತಿದ್ದಂತೆ ದಾರ ಸಡಿಲಾಯಿತು.

“ಸುಬ್ರಾಯಣ್ಣ, ಇದು ಮೂವತ್ತು ಮೀಟರ್.”

ಪತ್ರೋಸ್ ಬೀಡಿ ಹಚ್ಚಲು ಗಾಳಿಗೆ ಬೆನ್ನು ತಿರುಗಿಸಿದ.

“ಎಷ್ಟು ಸಮಯದಿಂದ ಇಲ್ಲೇ ನಿಲ್ಲಿಸುದು?”

“ಮೇಡಂ, ಅದು...”

“ಎಷ್ಟು ಸಮಯ ಅಂತ ಕೇಳಿದ್ದು.”

“ಮೊದಲನೇ ವರ್ಷ ಮೂರು ತಿಂಗಳು ಸರಿಯಾದ ಜಾಗಕ್ಕೇ ಹೋಗಿದ್ದೇವೆ. ಆಮೇಲೆ ಇಲ್ಲೇ.” ಸುಬ್ರಾಯ ಡೆಕ್ಕಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತ. “ನಾಲ್ಕನೇ ತಿಂಗಳು ಬಲೆ ತಳದ ಬಂಡೆಗೆ ಸಿಕ್ಕಿತು. ಹಗ್ಗ ತುಂಡಾಯ್ತು. ಅರ್ಧ ಹಗ್ಗ, ಬಲೆ, ಎಲ್ಲ ಸಮುದ್ರಕ್ಕೆ. ಬಲೆ ಬೇರೆ ಕೊಟ್ರು. ಹಗ್ಗ ಕೊಡ್ಲಿಲ್ಲ. ಇರುದು ಮೂವತ್ತೆರಡು ಮೀಟರ್. ಅರವತ್ತು ಮೀಟರಿಗೆ ಹೋಗಿ ಎಂತ ಮಾಡುದು, ನಾನೇ ಹಾರುದಾ?”

ಮೂವತ್ತೆಂಟು ಬಾಟಲಿ. ಒಂದೊಂದು ಬಾಟಲಿಗೂ ನಾಲ್ಕು ದಿನ. ವಿನೋದಾಳಿಗೆ ಕನ್ನಡಕ ಬಂದದ್ದೇ ಆ ಮರಿಗಳನ್ನು ಎಣಿಸಿ. ದಂಡೆಯ ಏಡಿಮರಿಗಳು ಇದ್ದದ್ದು ದಂಡೆಯ ನೀರಿನಲ್ಲೇ, ಇರಬೇಕಾದಲ್ಲೇ. ಅವಳು ಕಂಡುಹಿಡಿದದ್ದು ಏನೂ ಇರಲಿಲ್ಲ.

“ಕಚೇರಿಗೆ ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ ನಿಮಗೆ?” ಎಂದಳು. “ಐದು ವರ್ಷ ನನ್ನನ್ನು ಮಂಗ ಮಾಡಿದ್ರಲ್ಲ. ಚೀಟಿಯಲ್ಲಿ ಅರವತ್ತು ಅಂತ ಬರೀಲಿಕ್ಕೆ ಕೈ ಹೇಗೆ ಬಂತು?”

ಸುಬ್ರಾಯ ಎದ್ದು, ಚೀಟಿಗಳನ್ನಿಡುವ ತಗಡಿನ ಪೆಟ್ಟಿಗೆಯ ತಳಕ್ಕೆ ಕೈ ಹಾಕಿದ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಮೂರು ಕಾಗದ ತೆಗೆದು ಅವಳ ಕೈಗೆ ಕೊಟ್ಟ. ಮೂರೂ ಬೇಡಿಕೆ ಪತ್ರಗಳು, ಮೂರು ಬೇರೆಬೇರೆ ವರ್ಷದವು: ಬಲೆ ಇಳಿಸುವ ಹಗ್ಗ, ಅರವತ್ತೈದು ಮೀಟರ್, ಹಳೆಯದು ತುಂಡಾಗಿರುವ ಕಾರಣ. ಮೂರರ ಅಂಚಿನಲ್ಲೂ ಇಂಗ್ಲಿಷಿನಲ್ಲಿ ಒಂದೇ ಒಕ್ಕಣೆ. ಹಳೆಯ ಹಗ್ಗವನ್ನು ಮೊದಲು ಸ್ಟೋರ್ಸಿಗೆ ಒಪ್ಪಿಸತಕ್ಕದ್ದು. ನಿಯಮದಂತೆ ಹಳೆಯದು ಬಾರದೆ ಹೊಸದು ಕೊಡಲಾಗುವುದಿಲ್ಲ. ಕೆಳಗೆ ಅಚ್ಚುಕಟ್ಟಾದ ಸಣ್ಣ ಸಹಿ. ವಿನೋದಾಳದೇ.

“ಹಳೇದನ್ನು ಎಲ್ಲಿಂದ ಒಪ್ಪಿಸುದು ಮೇಡಂ?” ಸುಬ್ರಾಯನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. “ಅದು ಸಮುದ್ರದ ಅಡಿಯಲ್ಲುಂಟು. ಬಲೆಗೆ ಆ ನಿಯಮ ಇಲ್ಲವಂತೆ, ಅದು ಬೇರೆ ಪಟ್ಟಿ. ಮೂರು ಸಲ ಬರೆದೆ. ಮೂರು ಸಲ ನೀವು ಹಿಂದೆ ಕಳ್ಸಿದ್ರಿ. ನಾನು ಟೆಂಪರರಿ ಜನ. ನಾಲ್ಕನೇ ಸಲ ಬರೆದ್ರೆ, ಐದು ವರ್ಷದಿಂದ ಎಲ್ಲಿ ಬಲೆ ಹಾಕಿದ್ದು ಅಂತ ಕೇಳ್ತಾರೆ. ಸುಮ್ಮನಾದೆ.”

ಇಂಥ ಕಾಗದಗಳು ದಿನಕ್ಕೆ ಹತ್ತು ಬರುತ್ತಿದ್ದವು. ಇವುಗಳನ್ನು ಓದಿದ್ದು ಅವಳಿಗೆ ನೆನಪೂ ಇರಲಿಲ್ಲ. ಓದಿಯೇ ಇರಲಿಲ್ಲವೇನೋ. ನಿಯಮ ನೋಡಿದ್ದಳು, ಬರೆದಿದ್ದಳು, ಮತ್ತೆ ಏಡಿಮರಿ ಎಣಿಸಲು ಕೂತಿದ್ದಳು. ಬೋಟಿನಲ್ಲಿ ಬಾತ್‌ರೂಮ್ ಇಲ್ಲ ಎನ್ನುವ ರಾಯರ ನಗುಮುಖ ಕಣ್ಣ ಮುಂದೆ ಬಂತು. ಅವರಿಗೂ ತನಗೂ ಏನು ದೊಡ್ಡ ವ್ಯತ್ಯಾಸ ಎನಿಸಿ ನಾಚಿಕೆಯಾಯಿತು.

ಪತ್ರೋಸ್ ಬೀಡಿ ಕಚ್ಚಿಕೊಂಡೇ ಮಲಯಾಳದಲ್ಲಿ, ಮಗಳನ್ನು ಕರೆಯುವಂತೆ ಹೇಳಿದ, “ಮೋಳೇ, ಹೊತ್ತಾಗ್ತಿದೆ. ನಾಲ್ಕಕ್ಕೆ ಸಾರ್ ಜೆಟ್ಟಿಯಲ್ಲಿರ್ತಾರೆ. ಇಲ್ಲೇ ಬಲೆ ಹಾಕಿ ಹೋಗೋಣ. ಇಷ್ಟು ವರ್ಷ ಆಯ್ತು, ಇನ್ನೊಂದು ಬಾಟಲಿಯಿಂದ ಕಡಲೇನೂ ಬತ್ತುವುದಿಲ್ಲ.”

ವಿನೋದಾ ಅವನ ಮಾತು ಕೇಳಿಸಿಕೊಳ್ಳುತ್ತಲೇ ಹಿಂಬದಿಯ ಗೂಡನ್ನು ನೋಡುತ್ತಿದ್ದಳು. ಅಡ್ಡಡ್ಡ, ಉದ್ದುದ್ದ, ಬಿದಿರಿಗೆ ಮೂರು ಮೂರು ಸುತ್ತು. ಹೊಸ ನೈಲಾನು.

“ಅದಕ್ಕೆ ಎಷ್ಟು ಹಗ್ಗ ಕೊಟ್ಟಿದ್ದಾರೆ?”

“ಅದಕ್ಕಾ? ನಲವತ್ತು ಮೀಟರ್,” ಎಂದ ಸುಬ್ರಾಯ. ಹೇಳಿದ ಮೇಲೆ ಅವನಿಗೂ ಅರ್ಥವಾಯಿತು. “ಬೇಡ ಮೇಡಂ. ಅದು ನಿಮ್ಮದು. ರಾಯರು ಕೇಳಿದ್ರೆ...”

“ನನ್ನದೇ ಆದ್ರೆ ನಾನೇ ಬಿಚ್ತೇನೆ,” ಎಂದು ಸೆರಗು ಸೊಂಟಕ್ಕೆ ಬಿಗಿದು ಹೊರಟಳು. “ಬೋಟು ನಡೀಲಿ. ಸರಿಯಾದ ಜಾಗಕ್ಕೆ.”

ಪತ್ರೋಸ್ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಬೀಡಿಯನ್ನು ಕಡಲಿಗೆಸೆದು ಡ್ರೈವರಿಗೆ ಸನ್ನೆ ಮಾಡಿದ. ಎಂಜಿನ್ ಕೆಮ್ಮಿ ಶುರುವಾಯಿತು. ಗಂಟುಗಳನ್ನು ಯಾವ ಪುಣ್ಯಾತ್ಮ ಹಾಕಿದ್ದನೋ, ಉಗುರು ಮುರಿದರೂ ಬಿಡಲೊಲ್ಲವು. ಸುಬ್ರಾಯ ಸ್ವಲ್ಪ ಹೊತ್ತು ನಿಂತು ನೋಡಿ, ಇನ್ನೊಂದು ಬಿದಿರಿನ ಹತ್ತಿರ ಬಂದು ಬಗ್ಗಿದ. ‘ಲೇಡೀಸ್’ ಎಂದು ಬರೆದ ಟಾರ್ಪಾಲು ಡೆಕ್ಕಿನ ಮೇಲೆ ಮಗುಚಿ ಬಿತ್ತು. ಗೋಪುರದ ಶಿಲುಬೆ ಮಸುಕಾಯಿತು, ಗೋಪುರವೂ ಮಸುಕಾಯಿತು, ನೀರು ಹಸಿರಿನಿಂದ ಕಡುನೀಲಿಗೆ ತಿರುಗಿತು.

ಈ ಸಲ ದಾರ ಹನ್ನೆರಡನೇ ಬಟ್ಟೆಯವರೆಗೆ ಇಳಿದು ಸಡಿಲಾಯಿತು.

ಹಳೆಯ ಹಗ್ಗಕ್ಕೂ ಹೊಸದಕ್ಕೂ ಗಂಟು ಹಾಕಿದವನು ಪತ್ರೋಸ್. ಜಾರುವ ನೈಲಾನನ್ನು ತೆಂಗಿನ ನಾರಿನ ಹಗ್ಗಕ್ಕೆ ಕಟ್ಟುವುದು ಎಲ್ಲರ ಕೈಲಾಗುವುದಿಲ್ಲವೆಂದು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿಮಾಡಿದ. ಆದರೆ ಅಷ್ಟು ದಪ್ಪ ಗಂಟು ರಾಟೆಯೊಳಗೆ ಹೋಗುವಂತಿರಲಿಲ್ಲ. ಬಲೆಯನ್ನು ಕೈಯಲ್ಲೇ ಇಳಿಸಿ ಕೈಯಲ್ಲೇ ಎಳೆಯಬೇಕಾಯಿತು. ಈಗ ಯಾರೂ ಅವಳಿಗೆ ಕುರ್ಚಿ ತೋರಿಸಲಿಲ್ಲ. ಪತ್ರೋಸ್ ಮುಂದೆ, ಮಧ್ಯದಲ್ಲಿ ವಿನೋದಾ, ಹಿಂದೆ ಸುಬ್ರಾಯ. ಅರವತ್ತು ಮೀಟರ್ ಎಂದರೆ ಎಷ್ಟೆಂಬುದು ಐದು ವರ್ಷ ಬರೆದ ಕೈಗೆ ಅವತ್ತು ಗೊತ್ತಾಯಿತು. ಅಂಗೈ ಕಿತ್ತು ಉಪ್ಪುನೀರು ತಗುಲಿ ಉರಿಯಿತು.

ಬಲೆಯ ತುದಿಯ ಬಟ್ಟಲಿನಲ್ಲಿದ್ದುದನ್ನು ಅವಳೇ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿದಳು. ನೀರು ತಿಳಿಯಾಗಿತ್ತು. ಗಾಜಿನ ಚೂರಿನಂತೆ ಹೊಳೆಯುವ ಬಾಣದಾಕಾರದ ಎರಡು ಮೂರು ಹುಳುಗಳು ಬಿಟ್ಟರೆ ಒಂದು ಏಡಿಮರಿಯೂ ಇರಲಿಲ್ಲ. ಎಲ್ಲೋ ನೋಡಿದ್ದೇನೆ ಇದನ್ನು ಎಂದುಕೊಂಡಳು. ಎಲ್ಲಿ ಎಂಬುದು ಥಟ್ಟನೆ ನೆನಪಾಗಿ ಕೈಯ ಬಾಟಲಿಯನ್ನು ಡೆಕ್ಕಿನ ಮೇಲಿಟ್ಟುಬಿಟ್ಟಳು. ಮೊದಲಿನ ಆ ಮೂರು ಬಾಟಲಿ. ಇದೇ ತಿಳಿನೀರು, ಇದೇ ಬಾಣದ ಹುಳುಗಳು. ನಲವತ್ತೊಂದರಲ್ಲಿ ನಿಜವಾದವು ಆ ಮೂರೇ. ಅವನ್ನೇ ಆರಿಸಿ ಅವಳು ಕಸಕ್ಕೆ ಹಾಕಿದ್ದಳು.

“ನಾನು ಫಾರ್ಮಲಿನ್ ಹಾಕಿದ್ದೆ ಮೇಡಂ,” ಎಂದ ಸುಬ್ರಾಯ ಮೆಲ್ಲಗೆ. “ಆಗ ನೀವು ಮೆಮೋ ಕಳ್ಸಿದ್ರಿ, ಹಾಕ್ಲಿಲ್ಲ ಅಂತ. ನಾನು ಹಾಕಿದ್ದೆ.”

“ಗೊತ್ತಾಯ್ತು,” ಎಂದಳು.

ಹಿಂತಿರುಗುವ ದಾರಿಯಲ್ಲಿ ಬಾಯಾರಿಕೆ ತಡೆಯಲಾರದೆ ಅವಳು ಎಳನೀರು ಕೇಳಿ ಕುಡಿದಳು, ಒಂದಲ್ಲ, ಎರಡು. ಮುಕ್ಕಾಲು ಗಂಟೆ ಕಳೆಯಿತು. ಅವಳೊಮ್ಮೆ ಹಿಂಬದಿಯತ್ತ ನೋಡಿದಳು, ಕುಸಿದು ಬಿದ್ದ ಟಾರ್ಪಾಲಿನತ್ತ ನೋಡಿದಳು. ಪತ್ರೋಸ್ ಚುಕ್ಕಾಣಿಯನ್ನು ಕಟ್ಟಿ, ಇಬ್ಬರನ್ನೂ ಕರೆದುಕೊಂಡು ಬೋಟಿನ ಮೂತಿಗೆ ಹೋಗಿ ದಂಡೆಗೆ ಮುಖಮಾಡಿ ನಿಂತ. ಮೂವರೂ ಜೋರಾಗಿ ಮೀನಿನ ವಿಷಯ ಮಾತಾಡಿದರು. ಎರಡು ನಿಮಿಷದ ಮೇಲೆ ಅವಳು ಬಕೆಟ್ಟು ತೊಳೆದಿಟ್ಟು ಕೆಮ್ಮಿದಳು. ಅವರು ತಮ್ಮತಮ್ಮ ಜಾಗಕ್ಕೆ ಬಂದರು. ಐದು ವರ್ಷದ ಸಮಸ್ಯೆ ಅಷ್ಟೇ ಆಗಿತ್ತು. ಅವಳಿಗೆ ನಗಬೇಕೆನಿಸಿತು, ನಗು ಬರಲಿಲ್ಲ.

“ನೀವು ಬರೀತೀರಾ ಮೇಡಂ?” ಸುಬ್ರಾಯ ಜೆಟ್ಟಿ ಹತ್ತಿರವಾಗುವಾಗ ಕೇಳಿದ. “ನಾವು ಇಲ್ಲೇ ನಿಲ್ಲಿಸ್ತಿದ್ದದ್ದು?”

“ಬರೀಲೇಬೇಕು. ಹಗ್ಗ ಕೇಳಿದ್ದನ್ನೂ ಬರೀತೇನೆ. ಕೊಡದೆ ಹಿಂದೆ ಕಳ್ಸಿದ್ದು ಯಾರು ಅಂತಲೂ.” ಅವನ ಮುಖ ಕಪ್ಪಿಟ್ಟಿತು. ಅವಳಿಗೆ ಸಮಾಧಾನ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಸುಳ್ಳಾಗುತ್ತಿತ್ತು. ಗಂಟು ಬಿಚ್ಚಲು ಕೂತ ಪತ್ರೋಸನಿಗೆ ಮಾತ್ರ ಹೇಳಿದಳು, “ಬಿಚ್ಚಬೇಡಿ. ಹಾಗೇ ಸುತ್ತಿ ಕೊಡಿ. ಹಳೇ ಹಗ್ಗ ಸ್ಟೋರ್ಸಿಗೆ ಒಪ್ಪಿಸ್ಬೇಕು.”

ಜೆಟ್ಟಿಗೆ ಬಂದಾಗ ಐದೂವರೆ. ನಿತ್ಯಾನಂದರಾಯರು ಜೀಪಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. “ಏನಮ್ಮಾ ಇದು, ಜೀವ ಕೈಲಿ ಹಿಡ್ಕೊಂಡಿದ್ದೆ. ಏನಾದ್ರೂ ಆಗಿದ್ರೆ ನಿಮ್ಮ ತಂದೆಗೆ ನಾನೇನು ಹೇಳ್ಬೇಕಿತ್ತು?” ಎಂದವರು ಬೋಟಿನ ಹಿಂಬದಿ ನೋಡಿ ತಡೆದರು. “ಅದ್ಯಾಕೆ ಬಿದ್ದುಹೋಗಿದೆ?”

“ಹಗ್ಗ ಬೇಕಾಯ್ತು ಸರ್,” ಎಂದು ವಿನೋದಾ ಒದ್ದೆ ಸುರುಳಿಯನ್ನು ಜೀಪಿನೊಳಗೆ ಹಾಕಿ ಹಿಂದಿನ ಸೀಟಿನಲ್ಲಿ ಕೂತಳು. ದಾರಿಯಲ್ಲಿ ಎಲ್ಲವನ್ನೂ ಹೇಳಿದಳು, ತನ್ನ ಸಹಿಯನ್ನೂ ಬಿಡದೆ. ತಿಳಿನೀರಿನ ಬಾಟಲಿಯನ್ನು ಮುಂದಕ್ಕೆ ಚಾಚಿ ತೋರಿಸಿದಳು.

ರಾಯರು ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ಸು ಕೊಟ್ಟರು. ಆಮೇಲೆ, “ನೋಡಮ್ಮಾ,” ಎಂದರು, ಅದೇ ತಂದೆಯ ಸ್ವರದಲ್ಲಿ. “ಮೂವತ್ತೆಂಟು ಒಂದು ಕಡೆ, ಇದೊಂದು ಒಂದು ಕಡೆ. ಆ ಮೂರು ಬಿಟ್ಟ ಹಾಗೆ ಇದನ್ನೂ ಬಿಟ್ಟುಬಿಡಿ. ಆ ಹಿರಿಯರಿಗೆ ಏನು ಬೇಕು? ಲೇಖಕರು ಹೋಗಿ ನೋಡಿ ಬಂದ್ರು ಅಂತ. ನೋಡಿ ಬಂದ್ರಲ್ಲ, ಮುಗೀತು. ಪಾಪ, ಆ ಸುಬ್ರಾಯನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ? ನಾಳೆ ಇನ್ನೊಬ್ಬ ಹೆಣ್ಣುಮಗಳು ಬೋಟಿಗೆ ಹೋಗ್ತೀನಿ ಅಂದ್ರೆ ಮೇಲಿನವರು ಕಳಿಸ್ತಾರಾ, ಯೋಚನೆ ಮಾಡಿ.”

ಪಾಪ ಎನ್ನುವ ಮಾತು ಅವರ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಎಂದುಕೊಂಡಳು ವಿನೋದಾ. ತಿರುವನಂತಪುರದ ಕಿಳಕ್ಕೇಕೋಟದ ಹತ್ತಿರ ಕೆಂಪು ಬಾವುಟಗಳ ಮೆರವಣಿಗೆಯೊಂದು ರಸ್ತೆಗೆ ಅಡ್ಡ ಸಿಕ್ಕಿ ಜೀಪು ನಿಂತಿತು. ಅವಳು ಚೀಲದಿಂದ ಬಾಟಲಿಗಳ ಲೆಕ್ಕದ ಮೂಲ ರಿಜಿಸ್ಟರು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಆರನೇ ತಾಣ, ಆಳ ಅರವತ್ತು. ಅದನ್ನು ಓದಲು ಬರುವಂತೆಯೇ ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಮೂವತ್ತು ಎಂದು ಬರೆದು ಚಿಕ್ಕ ಸಹಿ ಹಾಕಿದಳು. ಹಾಳೆ ಮಗುಚಿದಳು. ಮತ್ತೊಂದು ಅರವತ್ತು. ಕಿತ್ತ ಅಂಗೈಗೆ ಪೆನ್ನು ಹಿಡಿದರೆ ಉರಿಯುತ್ತಿತ್ತು.

ಮುಂದಿನ ಸೀಟಿನಲ್ಲಿ ರಾಯರು ಪ್ರಬಂಧದ ಪ್ರತಿ ತೆರೆದು, ಕಾಯುವ ಹೊತ್ತು ಹಾಳಾಗಬಾರದೆಂದು ಮೆಲ್ಲಗೆ ಓದಿಕೊಳ್ಳುತ್ತಿದ್ದರು. ಎರ್ನಾಕುಳಂನಲ್ಲಿ ಹೇಗೆ ಓದಬೇಕೋ ಹಾಗೆ, ಅಲ್ಲಲ್ಲಿ ತಡೆದು. ಒಂದು ಕಡೆ ಅಂಕಿ ಸರಿಯಾಗಿ ಕಾಣಲಿಲ್ಲ. “ಇಲ್ಲಿ ಟೈಪು ಅಳಿಸಿದೆ. ಆಳ ಎಷ್ಟಮ್ಮಾ, ಅರವತ್ತು ತಾನೆ?”

“ಮೂವತ್ತು ಸರ್.”

“ಆರನೇದು ಕೇಳ್ತಿರೋದು.”

“ಆರನೇದೇ ಸರ್. ಮೂವತ್ತು.”

ಅವರು ತಿರುಗಿ ನೋಡಿದರು. ಅವಳು ತಲೆಯೆತ್ತಲಿಲ್ಲ, ಹತ್ತೊಂಬತ್ತನೆಯ ಅರವತ್ತನ್ನು ಹೊಡೆಯುತ್ತಿದ್ದಳು. ಹೊರಗೆ ಮೆರವಣಿಗೆ ಮುಗಿಯುವ ಲಕ್ಷಣವಿರಲಿಲ್ಲ. ಅವಳ ಕಾಲ ಬಳಿಯ ಹಗ್ಗದ ಸುರುಳಿಯಿಂದ ಕಡಲ ನೀರು ಸಣ್ಣಗೆ ಹರಿದು, ಸೀಟಿನ ಅಡಿಯಿಂದ ಮುಂದಕ್ಕೆ ಹೋಗಿ, ರಾಯರ ಪಾಲಿಶ್ ಮಾಡಿದ ಬೂಟುಗಳ ಕೆಳಗೆ ನಿಲ್ಲತೊಡಗಿತ್ತು. ಸ್ವಲ್ಪ ಹೊತ್ತಿಗೆ ಅವರು ಎರಡೂ ಕಾಲನ್ನು ಎತ್ತಿ ಹಿಡಿದುಕೊಂಡರು.